ಬಲವಂತದ ಹೋಳಿಗೆ

ಗಲಾಟೆ ಮಾಡದೆ ಕೂತ್ಕೊಳ್ಳಿ ಮಕ್ಕಳೇ, ಕಥೆ ಶುರುವಾಯಿತು. ಸಿರಿಗಬ್ಬೂರು ಅಂತ ಒಂದು ರಾಜ್ಯ. ಅಲ್ಲಿ ಚೆನ್ನರಾಜ ಅಂತ ಒಬ್ಬ ರಾಜ. ಬಲು ಒಳ್ಳೆಯವನು. ಯಾರ ಮನಸ್ಸನ್ನೂ ನೋಯಿಸದವನು. ಅದೇ ಅವನಿಗೆ ಮುಳುವಾಯಿತು, ನೋಡಿ.

ಆ ರಾಜ್ಯದಲ್ಲೊಂದು ಪದ್ಧತಿ. ಮನೆಗೆ ಯಾರೇ ಬರಲಿ, ಹೋಳಿಗೆ ಬಡಿಸಬೇಕು. ಬೇಡ ಅಂದರೆ ಇನ್ನೊಂದು ಬಡಿಸಬೇಕು. ಎಲೆಗೆ ಕೈ ಅಡ್ಡ ಹಿಡಿದರೆ ಕೈಮೇಲೇ ತುಪ್ಪ ಸುರಿಯಬೇಕು! ಬಿಟ್ಟು ಎದ್ದರೆ ಮನೆಯವರಿಗೆ ಅವಮಾನ. ಹೀಗಾಗಿ ಊರಿಗೆಲ್ಲ ಸಕ್ಕರೆ ಕಾಯಿಲೆ. ಎಷ್ಟು ನೀರು ಕುಡಿದರೂ ದಾಹ. ಪಾದವೆಲ್ಲ ಜೋಮು. ಗಾಯ ಆದರೆ ಮಾಯದು.

ಆಸ್ಥಾನದಲ್ಲಿ ಭುಜಂಗಪಂಡಿತ ಅಂತ ಒಬ್ಬ ವೈದ್ಯ. "ಎಷ್ಟು ಬೇಕಾದರೂ ತಿನ್ನಿ, ಮೇಲೆ ನನ್ನ ಲೇಹ್ಯ ನೆಕ್ಕಿ" ಅನ್ನುತ್ತಿದ್ದ. ಜನ ತಿಂದರು, ನೆಕ್ಕಿದರು, ಹಾಸಿಗೆ ಹಿಡಿದರು. ಪಂಡಿತನ ಮನೆ ಮಾತ್ರ ಮಹಡಿ ಮೇಲೆ ಮಹಡಿ ಏರಿತು.

ಒಂದು ದಿನ ರಾಜನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿತು. ಸಣ್ಣ ಗುಳ್ಳೆ. ಗುಳ್ಳೆ ಹುಣ್ಣಾಯಿತು, ಹುಣ್ಣು ದೊಡ್ಡದಾಯಿತು. ರಾಜನ ಅಪ್ಪ ಹೀಗೇ ಕಾಲು ಕಳೆದುಕೊಂಡು ತೀರಿಹೋಗಿದ್ದ. ರಾಜನನ್ನು ಎತ್ತಿ ಆಡಿಸಿ ಬೆಳೆಸಿದವಳು ಅರಮನೆಯ ಅಡುಗೆಯ ದೇವೀರವ್ವ. ಅವಳು ಹುಣ್ಣು ನೋಡಿ ಅತ್ತೇಬಿಟ್ಟಳು.

"ನನ್ನಪ್ಪಾ, ಹೋಳಿಗೆ ಬಿಟ್ಟುಬಿಡು."

"ಬಿಟ್ಟೆ ಕಣವ್ವ."

ಬಿಟ್ಟವನು ದಳವಾಯಿ ಮನೆಗೆ ಹೋದ. "ನಮ್ಮನೇದು ಸೇರಲ್ವೇ ಪ್ರಭು?" ತಿಂದ. ಕುಂಬಾರರ ಮನೆಗೆ ಹೋದ. "ಬಡವರದು ಅಂತ ಬೇಡವೇ ಬುದ್ಧೀ?" ತಿಂದ. ತಂಗಿ ಮನೆಗೆ ಹೋದ. "ಅಣ್ಣಾ, ನಿನಗೆ ಅಂತಲೇ ಮಾಡಿದೀನಿ" ಅಂತ ಅವಳು ಕಣ್ಣಲ್ಲಿ ನೀರು ತಂದುಕೊಂಡಳು. ಎರಡು ತಿಂದ.

ತಲೆ ತಗ್ಗಿಸಿಕೊಂಡು ಬಂದ ರಾಜ ಹೇಳಿದ, "ನಾನು ಬಿಟ್ಟರೂ ಅವರು ಬಿಡಲ್ಲವ್ವ."

ಹೌದಲ್ಲ ಅನ್ನಿಸಿತು ದೇವೀರವ್ವನಿಗೆ. ತಿನ್ನೋನು ಒಬ್ಬ, ಬಡಿಸೋರು ಊರೆಲ್ಲ. ಒಬ್ಬನಿಂದ ಆಗೋ ಕೆಲಸವೇ ಇದು? ಸೀದಾ ಬಾವಿಕಟ್ಟೆಗೆ ಹೋಗಿ ಹೆಂಗಸರನ್ನೆಲ್ಲ ಕೂಡಿಸಿದಳು. "ಪ್ರೀತಿ ಅಂತ ಬಡಿಸ್ತೀವಲ್ಲ, ಹುಣ್ಣಿನ ಕಾಲು ಇಲ್ಲದ ಮನೆ ಯಾವುದು ಹೇಳ್ರವ್ವ?"

ಅಲ್ಲೇ ತೀರ್ಮಾನವಾಯಿತು. ಬಂದವರಿಗೆ ಮಜ್ಜಿಗೆ, ಕೋಸಂಬರಿ. ಬೇಡ ಅಂದರೆ ಬೇಡ. ಉಂಡ ಮೇಲೆ ಮನೆಯವರೂ ನೆಂಟರೂ ಕೆರೆ ಏರಿ ಮೇಲೆ ಒಟ್ಟಿಗೆ ನಡೆಯಬೇಕು. ಸಂಜೆ ಒಬ್ಬರ ಅಂಗಾಲು ಇನ್ನೊಬ್ಬರು ನೋಡಬೇಕು.

ಬರಬರುತ್ತ ಜನ ಚುರುಕಾದರು. ಲೇಹ್ಯದ ಭರಣಿಗಳಿಗೆ ಧೂಳು ಹಿಡಿಯಿತು. ಪಂಡಿತ ಆಸ್ಥಾನಕ್ಕೆ ಓಡಿಬಂದ. "ಪ್ರಭು, ಈ ಮುದುಕಿ ಹಿರಿಯರ ಪದ್ಧತಿ ಮುರಿದಳು. ಗಡೀಪಾರು ಮಾಡಿ!"

ದೇವೀರವ್ವ ಕೈ ಮುಗಿದಳು. "ತಪ್ಪಾಯ್ತು ಪಂಡಿತರೇ. ಪದ್ಧತಿ ನಿಮ್ಮಿಂದಲೇ ಮತ್ತೆ ಶುರುವಾಗಲಿ." ಎಲೆ ಹಾಸಿ ಒಂದು ಹೋಳಿಗೆ ಬಡಿಸಿದಳು.

"ಹಸಿವಿಲ್ಲ" ಅಂದ ಪಂಡಿತ. ಎರಡನೆಯದು ಬಿತ್ತು.

"ಇವತ್ತು ಉಪವಾಸ." ಮೂರನೆಯದೂ ಬಿತ್ತು.

"ನಿಮ್ಮ ಲೇಹ್ಯ ಪಕ್ಕದಲ್ಲೇ ಇದೆ, ಭಯ ಯಾಕೆ?" ಅಂತ ಅವಳು ತುಪ್ಪದ ಗಿಂಡಿ ಬಗ್ಗಿಸಿದಳು.

ಪಂಡಿತ ಎಲೆ ತಳ್ಳಿ ಕಿರುಚಿದ. "ಇದನ್ನ ತಿಂದು ನನ್ನ ಕಾಲು ಕೊಳೆತರೆ ಯಾರೇ ಗತಿ? ಆ ಲೇಹ್ಯದಲ್ಲಿರೋದು ಬರೀ ಬೆಲ್ಲ!"

ಅಂದವನು ಬಾಯಿ ಮುಚ್ಚಿಕೊಂಡ. ಎಲ್ಲಿ, ಆಗಲೇ ಸಭೆಗೆ ಸಭೆಯೇ ಘೊಳ್ಳೆಂದಿತ್ತು. ರಾಜ ಮಾತ್ರ ನಗಲಿಲ್ಲ.

"ನಮ್ಮಪ್ಪನಿಗೂ ಇದನ್ನೇ ಕೊಟ್ಟೆಯಲ್ಲೋ" ಅಂದ.

ಪಂಡಿತನಿಗೆ ಶಿಕ್ಷೆ ಏನು ಗೊತ್ತೇ? ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ಕೂತು, ನಡೆದು ಬಂದವರ ಪಾದ ತೊಳೆದು, ಒರೆಸಿ, ಗಾಯ ಇದೆಯಾ ಅಂತ ನೋಡೋದು. ಅವನ ಮಹಡಿಮನೆಗೆ ಪಕ್ಕದ ರಾಜ್ಯದಿಂದ ನಿಯತ್ತಿನ ವೈದ್ಯರು ಬಂದು ಕೂತರು. ರಾಜ ಅವರ ಮದ್ದು ತಪ್ಪಿಸಲಿಲ್ಲ. ಹುಣ್ಣು ನಿಧಾನವಾಗಿ ಮಾಯಿತು, ಕಾಲು ಉಳಿಯಿತು. ಕಾಯಿಲೆ ಹೋಯಿತೇ? ಇಲ್ಲಪ್ಪ, ಅದು ಹೋಗೋ ನೆಂಟನಲ್ಲ. ಆದರೆ ಹೇಳಿದ ಮಾತು ಕೇಳಿಕೊಂಡು ಮೂಲೆಯಲ್ಲಿ ಕೂತಿತು.

ನೀತಿ ಏನಪ್ಪಾ ಅಂದರೆ, ಕಾಯಿಲೆ ಒಬ್ಬರದಾದರೂ ಅದನ್ನು ಹಿಡಿತದಲ್ಲಿಡೋದು ಊರೆಲ್ಲರ ಕೆಲಸ. ಬೇಡ ಅಂದವರಿಗೆ ಬಡಿಸೋದು ಪ್ರೀತಿಯೂ ಅಲ್ಲ, ಮರ್ಯಾದೆಯೂ ಅಲ್ಲ. ಏಳಿ ಈಗ, ನಿಮ್ಮ ನಿಮ್ಮ ಅಜ್ಜಿಯರ ಕೈ ಹಿಡಿದುಕೊಂಡು ಒಂದು ಸುತ್ತು ನಡೆದು ಬನ್ನಿ.