ಜೀಕಿಯ ನಡುಕ

ಕಾಡಿನ ನಡುವೆ ಒಂದು ಎತ್ತರದ ಬೂರುಗದ ಮರ. ಅದರ ಕೊಂಬೆಗೆ ಹೆಜ್ಜೇನಿನ ದೊಡ್ಡ ಹುಟ್ಟು ಜೋತುಬಿದ್ದಿತ್ತು. ಹೆಜ್ಜೇನಿನ ಮನೆಗೆ ಗೋಡೆಯಿಲ್ಲ, ಬಾಗಿಲಿಲ್ಲ ಮಕ್ಕಳೇ! ನೊಣಗಳೆಲ್ಲ ಮೈಗೆ ಮೈ ತಾಗಿಸಿ ಕೂತರೆ ಅದೇ ಗೋಡೆ. ಕಡಜ ಬಂತೋ, ಒಂದು ನೊಣ ಹಿಂಭಾಗ ಮೇಲೆತ್ತುತ್ತದೆ, ಪಕ್ಕದ್ದೂ ಎತ್ತುತ್ತದೆ, ಹುಟ್ಟಿನ ತುಂಬ ಅಲೆ ಓಡುತ್ತದೆ. ಯಾವುದೋ ಭಾರಿ ಪ್ರಾಣಿ ಮೈ ಕೊಡವಿತೆಂದು ಹೆದರಿ ಕಡಜ ಪರಾರಿ.

ಆದರೆ ಆ ವರ್ಷ ಹುಟ್ಟಿನಲ್ಲಿ ಜಗಳ ಎದ್ದಿತ್ತು.

"ಹೊಂಗೆ ಹೂವಿನ ಜೇನೇ ಜೇನು!" ಎಂದವು ಮೇಲಿನ ನೊಣಗಳು.

"ನೇರಳೆ ಹೂವಿನ ಮುಂದೆ ನಿಮ್ಮ ಹೊಂಗೆ ಯಾವ ಲೆಕ್ಕ ಹೋಗ್ರೇ!" ಎಂದವು ಕೆಳಗಿನವು.

ಮಾತಿಗೆ ಮಾತು ಬೆಳೆಯಿತು. ಅವರು ಮೇಲೆ ಸರಿದರು, ಇವರು ಕೆಳಗೆ ಸರಿದರು. ನಡುವೆ ಹುಟ್ಟು ಬತ್ತಲಾಯಿತು. ಆ ಬತ್ತಲು ಜಾಗದಲ್ಲೇ ಜೀಕಿ ಎಂಬ ನೊಣದ ಪುಟ್ಟ ತಂಗಿ ಮೇಣದ ಮುಚ್ಚಳವಿದ್ದ ಗೂಡಿನೊಳಗೆ, ಇನ್ನೂ ಮರಿಯಾಗಿ, ಮಲಗಿದ್ದಳು.

ಜೀಕಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಮೇಲೆ ಓಡುತ್ತಿದ್ದಳು, ಕೆಳಗೆ ಓಡುತ್ತಿದ್ದಳು. ಎರಡೂ ಕಡೆಯವರನ್ನು ಕರೆಯಬೇಕೆಂದು ಬಾಯಿ ತೆರೆದರೆ ಆರೂ ಕಾಲು ಗಡಗಡ! ಪಾಪ, ಬೆಳಗಾದರೆ ಒಂದೇ ಮೊರೆ: "ಸ್ವಾಮೀ ಸೂರ್ಯಪ್ಪಾ, ನನ್ನ ನಡುಕ ತೆಗಿ. ಆಮೇಲೆ ನೋಡು, ಎಲ್ಲರನ್ನೂ ಒಂದು ಮಾಡ್ತೀನಿ."

ನಡುಕ ಹೋಗಲಿಲ್ಲ. ಜೀಕಿ ಕಾಯುತ್ತಲೇ ಇದ್ದಳು.

ಇಬ್ಬರ ಜಗಳ ಮೂರನೆಯವನಿಗೆ ಲಾಭ. ಒಂದು ಮಧ್ಯಾಹ್ನ ಕಡಜ ಬಂತು, ಬತ್ತಲು ಜಾಗದಿಂದ ಒಂದು ಮರಿಯನ್ನು ಕಿತ್ತುಕೊಂಡು ಹೋಯಿತು. ಅದು ಜೀಕಿಯ ತಂಗಿಯ ಪಕ್ಕದ ಗೂಡಿನ ಮರಿ.

"ಅಲೆ ನೀವು ಶುರು ಮಾಡಬೇಕಿತ್ತು!" ಎಂದರು ಮೇಲಿನವರು.

"ನಾವ್ಯಾಕೆ? ನಿಮಗೇನಾಗಿತ್ತು ಧಾಡಿ?" ಎಂದರು ಕೆಳಗಿನವರು.

ಜೀಕಿ ಬಿಕ್ಕುತ್ತಾ ಬಂಗಾರಜ್ಜಿಯ ಬಳಿ ಹೋದಳು. ಹುಟ್ಟಿನಲ್ಲೆಲ್ಲ ಹಿರಿಯ ನೊಣ ಆಕೆ. "ಅಜ್ಜೀ, ಸೂರ್ಯಪ್ಪ ನನಗೆ ಧೈರ್ಯ ಕೊಡಲೇ ಇಲ್ಲ!"

"ಧೈರ್ಯವನ್ನು ದೇವರು ದೊನ್ನೆಯಲ್ಲಿ ಹಾಕಿ ಪ್ರಸಾದದ ಹಾಗೆ ಕೊಡ್ತಾನೇನೇ, ಹುಚ್ಚಿ? ಹೋಗು. ಹೋದವರ ಜೊತೆಗೆ ಅವನು ಬರ್ತಾನೆ," ಎಂದಳು ಅಜ್ಜಿ.

ಅಷ್ಟರಲ್ಲಿ ಮತ್ತೆ ರೆಕ್ಕೆಯ ಸದ್ದು. ಕಡಜ! ರುಚಿ ಕಂಡ ಬಾಯಿ ಸುಮ್ಮನಿರುತ್ತದೆಯೇ?

ಜೀಕಿ ನಡುಗುತ್ತಲೇ ಓಡಿದಳು. ನಡುಗುತ್ತಲೇ ತಂಗಿಯ ಗೂಡಿನ ಮೇಲೆ ನಿಂತಳು. ಮೇಲಕ್ಕೊಂದು ಕಾಲು, ಕೆಳಕ್ಕೊಂದು ಕಾಲು ಚಾಚಿ ಕೂಗಿದಳು: "ಹೊಂಗೆಯಕ್ಕಾ, ಕಾಲು ಕೊಡೇ! ನೇರಳೆಯಕ್ಕಾ, ನೀನೂ ಕೊಡೇ! ಜಗಳ ಸಂಜೆಗೆ ಇಟ್ಕೊಳ್ಳೋಣ!"

ಮೇಲಿನಿಂದ ಒಬ್ಬಳು ಇಳಿದು ಜೀಕಿಯ ಕಾಲು ಹಿಡಿದಳು. ಕೆಳಗಿನಿಂದ ಇನ್ನೊಬ್ಬಳು ಹತ್ತಿ ಹಿಡಿದಳು.

ಜೀಕಿ ಬೆರಗಾದಳು. ಹಿಡಿದ ಆ ಎರಡು ಕಾಲೂ ಗಡಗಡ ನಡುಗುತ್ತಿದ್ದವು!

"ಅಯ್ಯೋ, ನಿಮಗೂ ಭಯಾನಾ?"

"ಇಲ್ಲದೆ ಏನೇ! ಮೊದಲು ನೀನು ಎತ್ತು, ನಿನ್ನ ಹಿಂದೆ ನಾವಿದ್ದೀವಿ!"

ಜೀಕಿ ಹಿಂಭಾಗ ಎತ್ತಿದಳು. ಹಿಡಿದವರಿಬ್ಬರೂ ಎತ್ತಿದರು. ಅವರ ಹಿಂದಿನವರು, ಅವರ ಹಿಂದಿನವರು... ಅಲೆ ಮೇಲಕ್ಕೂ ಕೆಳಕ್ಕೂ ಸರ್ರನೆ ಓಡಿತು. ಇಡೀ ಹುಟ್ಟು ಒಮ್ಮೆಲೇ ಮೈ ಕೊಡವಿತು. ಕಡಜ ಗಾಳಿಯಲ್ಲೇ ಗಕ್ಕನೆ ನಿಂತು, ತಿರುಗಿ, ಬಿದ್ದೆನೋ ಕೆಟ್ಟೆನೋ ಎಂದು ಓಡಿತು.

ಸಂಜೆ ಜಗಳ ಮುಂದುವರಿಯಿತು, ನಿಜ. ಆದರೆ ಈ ಸಲ ಕಾಲು ಬಿಡದೆ, ಮೈಗೆ ಮೈ ತಾಗಿಸಿಕೊಂಡೇ ಜಗಳಾಡಿದರು.

ಮರುದಿನ ಬೆಳಗ್ಗೆ ತಂಗಿ ಗೂಡಿನ ಮುಚ್ಚಳ ಕಡಿದು ಹೊರಬಂದಳು. "ಅಕ್ಕಾ, ನಿನ್ನ ಕಾಲು ಯಾಕೆ ನಡುಗ್ತಿದೆ?"

"ಅದು ಹಾಗೇ ಕಣೇ," ಎಂದು ಜೀಕಿ ನಕ್ಕಳು. ಆಮೇಲೆ ಬಿಸಿಲಿಗೆ ಮುಖವೊಡ್ಡಿ ಹೇಳಿದಳು: "ಸೂರ್ಯಪ್ಪಾ, ನಡುಕ ಇರಲಿ ಬಿಡು. ಹಿಡಿಯೋಕೆ ಕಾಲು ಕೊಟ್ಟಿದ್ದೀಯಲ್ಲ, ಸಾಕು."

ನೀತಿ: ಭಯ ಹೋಗಲೆಂದು ಕಾಯುವವರು ಕಾಯುತ್ತಲೇ ಇರುತ್ತಾರೆ; ನಡುಗುತ್ತಲೇ ಮುಂದೆ ನಿಂತು ಕೈಚಾಚಿದವರ ಜೊತೆ ದೇವರೂ ನಿಲ್ಲುತ್ತಾನೆ, ಊರೂ ಒಂದಾಗುತ್ತದೆ.