ಜೇನು ಕಚ್ಚದ ಕೈ

"ಗುರುಗಳೇ, ಮನಸ್ಸು ಕುಗ್ಗಿದವನು ಅದನ್ನು ಇನ್ನೊಬ್ಬರಿಗೆ ಹೇಳಿಕೊಳ್ಳುವುದು ಸೋಲಲ್ಲವೇ?" ಎಂದು ಶಿಷ್ಯ ಕೇಳಿದ.

"ಯಾರ ಮನಸ್ಸು?" ಎಂದರು ಗುರುಗಳು.

ಶಿಷ್ಯ ನೆಲ ನೋಡಿದ. "ಯಾರದಾದರೂ ಆಗಲಿ. ಸುಮ್ಮನೆ ಕೇಳಿದೆ."

"ಸುಮ್ಮನೆ ಕೇಳುವವರು ಪಾಠ ಮುಗಿದ ಮೇಲೂ ಬಾಗಿಲಲ್ಲಿ ನಿಂತಿರುವುದಿಲ್ಲ. ಇರಲಿ, ಕೂತುಕೋ."

ಶಿಷ್ಯ ಕೂತ. ಬಹಳ ದಿನಗಳಿಂದ ಅವನಿಗೆ ನಿದ್ದೆ ಇರಲಿಲ್ಲ. ಎಲ್ಲರ ಜೊತೆ ಕೂರುತ್ತಿದ್ದ, ಎಲ್ಲರ ಜೊತೆ ಏಳುತ್ತಿದ್ದ. ಮಂತ್ರ ತಪ್ಪುತ್ತಿರಲಿಲ್ಲ. ಆದರೆ ಒಳಗೆ ಏನೋ ದಿನದಿಂದ ದಿನಕ್ಕೆ ಕುಸಿಯುತ್ತಿತ್ತು. ಹೇಳಿದರೆ ಈ ಬಾಳಿಗೆ ನೀನು ತಕ್ಕವನಲ್ಲ ಎಂದು ಮಠದಿಂದ ಕಳಿಸಿಬಿಡುತ್ತಾರೆ ಎಂಬ ಭಯ. ಹೇಳದಿದ್ದರೆ ತಾನು ಏನಾಗುತ್ತೇನೋ ಎಂಬ ಭಯ. ಈ ಎರಡರಲ್ಲಿ ಎರಡನೆಯದು ಈಚೆಗೆ ಹೆಚ್ಚಾಗುತ್ತಿತ್ತು.

ಗುರುಗಳು ಹೇಳತೊಡಗಿದರು.

ಒಂದು ಬೆಟ್ಟದ ಸೀಮೆಯಲ್ಲಿ ಒಬ್ಬ ಜೇನು ಕೀಳುವವನಿದ್ದ. ಅಲ್ಲಿ ಹೆಜ್ಜೇನು ಬಂಡೆಯ ಹೊಟ್ಟೆಗೆ ಕಟ್ಟುತ್ತದೆ. ಕೆಳಗಿನಿಂದ ಹತ್ತಲಾಗದು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೇಲಿನಿಂದ ಇಳಿಯಬೇಕು. ಹಗ್ಗವನ್ನು ಮೇಲೆ ಒಂದು ಮರಕ್ಕೆ ಸುತ್ತಿ ಒಬ್ಬ ಹಿಡಿದಿರಬೇಕು. ಹಗ್ಗ ಹಿಡಿಯುವವನು ಯಾರಾಗಿರಬೇಕು ಎಂಬುದಕ್ಕೂ ಆ ಜನರಲ್ಲಿ ಒಂದು ಕಟ್ಟಳೆ ಇತ್ತು. ಇಳಿಯುವವನ ಅಣ್ಣತಮ್ಮಂದಿರು ಹಿಡಿಯುವ ಹಾಗಿಲ್ಲ. ಹೆಂಡತಿಯ ತಮ್ಮನೇ ಹಿಡಿಯಬೇಕು. ಅಣ್ಣತಮ್ಮಂದಿರ ನಡುವೆ ಪಾಲಿನ ಮಾತು ಬಂದೀತು. ಅಕ್ಕನ ಗಂಡನನ್ನು ಬೀಳಿಸಿ ಯಾರಿಗೂ ಲಾಭವಿಲ್ಲ.

ಇವನ ಭಾವಮೈದುನ ಬಾಯಿಬಡುಕ. ಹಗ್ಗ ಬಿಗಿಯುವಾಗಲೆಲ್ಲ ಚುಡಾಯಿಸುತ್ತಿದ್ದ.

"ಭಾವ, ನಿನ್ನ ಮೇಲಿನ ಪ್ರೀತಿಗೆ ಹಿಡಿದಿದ್ದೇನೆ ಅಂದುಕೊಳ್ಳಬೇಡ. ನೀನು ಬಿದ್ದರೆ ಅಕ್ಕ ಗಂಟುಮೂಟೆ ಕಟ್ಟಿಕೊಂಡು ನನ್ನ ಮನೆಗೆ ಬರುತ್ತಾಳೆ. ಅವಳ ಬಾಯಿಗೆ ಹೆದರಿ ಹಿಡಿದಿದ್ದೇನೆ."

"ನಿಮ್ಮಕ್ಕನ ಜೊತೆ ಸಂಸಾರ ಮಾಡುವವನಿಗೆ ಈ ಬಂಡೆ ಯಾವ ಲೆಕ್ಕ ಬಿಡೋ," ಎಂದು ಇವನು ನಗುತ್ತ ಇಳಿಯುತ್ತಿದ್ದ.

ಬಂಡೆಯ ಹೊಟ್ಟೆ ಮುಂದಕ್ಕೆ ಚಾಚಿತ್ತು. ಮೇಲಿದ್ದವನಿಗೆ ಕೆಳಗಿದ್ದವನು ಕಾಣುತ್ತಿರಲಿಲ್ಲ. ಕೂಗು ಮಾತ್ರ ಕೇಳುತ್ತಿತ್ತು. ಅದಕ್ಕಾಗಿ ಹಿರಿಯರು ಕೂಗುಗಳನ್ನು ಗೊತ್ತುಮಾಡಿದ್ದರು. ಬುಟ್ಟಿ ತುಂಬಿದರೆ ಒಂದು ಬಗೆಯ ಕೂಗು. ಕಲ್ಲು ಜರಿದರೆ ಇನ್ನೊಂದು ಬಗೆ. ಹಗ್ಗ ಸವೆದರೆ ಒಂದು, ಜೇನು ಎದ್ದು ಮುತ್ತಿದರೆ ಮತ್ತೊಂದು. ಕೂಗು ಕೇಳಿದೊಡನೆ ಮೇಲಿದ್ದವನು ಏನು ಮಾಡಬೇಕೋ ಅದನ್ನು ಮಾಡುತ್ತಿದ್ದ. ಪ್ರಶ್ನೆ ಕೇಳುತ್ತಿರಲಿಲ್ಲ.

ಒಂದು ವರ್ಷ ಜೇನು ಕೀಳುವವನಿಗೆ ಏನೋ ಆಯಿತು. ಮನೆಯಲ್ಲಿ ಸಾವಾಗಿರಲಿಲ್ಲ. ಜಗಳವಾಗಿರಲಿಲ್ಲ. ಜೇನಿಗೂ ಬರವಿರಲಿಲ್ಲ. ಒಂದು ಕಾರಣವಿದ್ದಿದ್ದರೆ ಅವನೇ ಯಾರ ಬಳಿಯಾದರೂ ಹೇಳುತ್ತಿದ್ದನೋ ಏನೋ. ಕಾರಣ ಸಿಗಲಿಲ್ಲ, ಅದಕ್ಕೆ ಹೇಳಲಿಲ್ಲ. ಉಂಡ ಅನ್ನ ಮಣ್ಣಾಗಿತ್ತು. ಮಗಳು ತೊಡೆಯ ಮೇಲೆ ಕೂತು ಮಾತಾಡಿದರೂ ಆ ಮಾತು ಆಚೆ ದಡದಿಂದ ಬಂದ ಹಾಗೆ ಕೇಳುತ್ತಿತ್ತು. ಬೆಳಿಗ್ಗೆ ಎದ್ದು ಕೂರುವುದೇ ಒಂದು ದಿನದ ಕೆಲಸವಾಯಿತು. ಹೆಂಡತಿ "ಏನಾಗಿದೆ?" ಎಂದು ಕೇಳಿದರೆ "ಏನಿಲ್ಲ" ಎನ್ನುತ್ತಿದ್ದ. ದೃಷ್ಟಿಯಾಗಿರಬೇಕೆಂದು ಅವಳು ಉಪ್ಪು ನಿವಾಳಿಸಿದಳು. ಅವನು ಸುಮ್ಮನೆ ನಿವಾಳಿಸಿಕೊಂಡ.

ಹೀಗಿರುವಾಗ ಒಂದು ಬೆಳಿಗ್ಗೆ ಬಂಡೆಯ ನಡುವೆ ತೂಗುತ್ತಿದ್ದ. ಹೊಗೆ ಹಾಕಿಯಾಗಿತ್ತು. ಜೇನು ಸರಿದಿತ್ತು. ಜೇನುಗೂಡಿನ ಎರಿಗೆ ಕೈ ಹಾಕಬೇಕು ಎನ್ನುವಾಗ ನೋಡುತ್ತಾನೆ, ಅವನ ಬಲಗೈ ಸೊಂಟದ ಹಗ್ಗದ ಗಂಟಿನ ಮೇಲೆ ಕೂತಿದೆ. ಅವನು ಅದನ್ನು ಅಲ್ಲಿಗೆ ಕಳಿಸಿರಲಿಲ್ಲ.

ಅವನು ಹಾವಿಗೆ ಹೆದರಿದ್ದ. ಕಾಡಾನೆಗೆ ಹೆದರಿದ್ದ. ತನ್ನ ಕೈಗೇ ಹೆದರಿದ್ದು ಅದೇ ಮೊದಲು.

ಕೂಗಲೆಂದು ಬಾಯಿ ತೆರೆದ. ಯಾವ ಕೂಗು ಕೂಗುವುದು? ಬುಟ್ಟಿ ತುಂಬಿಲ್ಲ, ಕಲ್ಲು ಜರಿದಿಲ್ಲ, ಹಗ್ಗ ಗಟ್ಟಿಯಾಗಿದೆ. ಇದಕ್ಕೆ ಹಿರಿಯರು ಕೂಗನ್ನೇ ಇಟ್ಟಿರಲಿಲ್ಲ. ಇಟ್ಟಿಲ್ಲವೆಂದರೆ ಇದು ಇದುವರೆಗೆ ಯಾರಿಗೂ ಆಗಿಲ್ಲ, ತನಗೊಬ್ಬನಿಗೇ ಆಗಿದೆ ಎಂದು ಅವನು ತಿಳಿದ. ಕೊನೆಗೆ ಜೇನು ಮುತ್ತಿದಾಗಿನ ಕೂಗನ್ನು ಕೂಗಿದ.

ಮೇಲಿದ್ದವನು ಒಂದೇ ಉಸಿರಿಗೆ ಎಳೆದುಕೊಂಡ.

"ಎಲ್ಲಿ ಕಚ್ಚಿತು ಭಾವ?"

"ಕೈಗೆ."

ಭಾವಮೈದುನ ಕೈಯನ್ನು ಮಗುಚಿ ನೋಡಿದ. ಊತವಿಲ್ಲ. ಮುಳ್ಳಿಲ್ಲ. ಭಾವನ ಮುಖ ನೋಡಿದ. ಆಮೇಲೆ ಎಲೆಯಡಿಕೆಯ ಚೀಲದಿಂದ ಸುಣ್ಣ ತೆಗೆದು ಏನೂ ಆಗದ ಕೈಗೆ ಬಳಿದ.

"ನಿನ್ನ ಚರ್ಮಕ್ಕೆ ಪಾಪ ಅದರ ಮುಳ್ಳೇ ಮುರಿದುಹೋಗಿರಬೇಕು," ಎಂದ. ಇವನು ನಗಲಿಲ್ಲ.

ಮನೆಯಲ್ಲಿ ಎಲ್ಲರೂ ಆ ಕೈಯನ್ನು ಸುತ್ತುವರಿದರು. ಹೆಂಡತಿ ಎಣ್ಣೆ ತಿಕ್ಕಿದಳು. ನೆರೆಯವಳು ಸೊಪ್ಪು ಅರೆದು ತಂದಳು. ಮಗಳು ಊದಿದಳು. ಅವನಿಗೆ ಆ ಹೊತ್ತಿಗೆ ಹಿತವೆನಿಸಿತು. ಮಾರನೆಯ ದಿನ ಕೈ ವಾಸಿಯಾಯಿತೆಂದು ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು. ಒಳಗಿನದು ಇದ್ದಲ್ಲೇ ಇತ್ತು.

ಮುಂದಿನ ಸಲವೂ ಕೈ ಗಂಟಿಗೆ ಹೋಯಿತು. ಮುಂದಿನ ಸಲವೂ ಅವನು ಜೇನಿನ ಕೂಗನ್ನೇ ಕೂಗಿದ. ಅದಾದ ಮೇಲೂ ಇನ್ನೊಮ್ಮೆ ಹಾಗೆಯೇ ಆಯಿತು. ಕೇರಿಯವರು, ಜೇನಿಗೆ ಇವನ ಮೇಲೆ ಏನೋ ಸಿಟ್ಟು ಎಂದು ಮಾತಾಡಿಕೊಂಡರು. ಭಾವಮೈದುನ ಮಾತ್ರ ಪ್ರತಿ ಸಲ ಸುಣ್ಣ ಬಳಿಯುತ್ತ ಅವನ ಮುಖವನ್ನೇ ನೋಡುತ್ತಿದ್ದ. ಆ ನೋಟವನ್ನು ಇವನಿಂದ ಸಹಿಸಲಾಗಲಿಲ್ಲ. ಭಾವಮೈದುನನಿಗೆ ಗೊತ್ತಾಗಿದೆ, ಇಂದಲ್ಲ ನಾಳೆ ಕೇಳಿಯೇ ಬಿಡುತ್ತಾನೆ ಎನಿಸಿತು. ಬಂಡೆಗೆ ಹೆದರಿದವನೆಂದು ಒಮ್ಮೆ ಹೆಸರು ಬಂದರೆ ಆ ಸೀಮೆಯಲ್ಲಿ ಮತ್ತೆ ಯಾರೂ ಅವನ ಸೊಂಟಕ್ಕೆ ಹಗ್ಗ ಕಟ್ಟುವುದಿಲ್ಲ. ಹಗ್ಗ ಕಟ್ಟಿಸಿಕೊಳ್ಳದವನು ಅಲ್ಲಿ ಗಂಡಸರ ಸಾಲಿನಲ್ಲಿ ಕೂರುವುದಿಲ್ಲ.

ಅವನು ಕಟ್ಟಳೆ ಮುರಿದ. ಪಕ್ಕದ ಹಾಡಿಯಿಂದ ಗಟ್ಟಿ ತೋಳಿನ ಒಬ್ಬನನ್ನು ಕೂಲಿಗೆ ಗೊತ್ತುಮಾಡಿದ.

"ನನ್ನ ಹಿಡಿತದಲ್ಲಿ ಏನು ತಪ್ಪು ಕಂಡೆ ಭಾವ?" ಎಂದು ಭಾವಮೈದುನ ಕೇಳಿದ. ಆಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ತಪ್ಪೇನಿಲ್ಲ. ನಿನಗೆ ಹೊಲದ ಕೆಲಸ ಇದೆಯಲ್ಲ."

ಮಾರನೆಯ ದಿನ ಬೆಳಿಗ್ಗೆ ಬಂಡೆಯ ನೆತ್ತಿಯ ಮೇಲೆ ಕೂಲಿಯವನು ಹಗ್ಗ ಬಿಗಿದ. ಚೆನ್ನಾಗಿಯೇ ಬಿಗಿದ. ಮುಖ ನೋಡಲಿಲ್ಲ. "ಇಳಿ," ಎಂದ.

ಜೇನು ಕೀಳುವವನಿಗೆ ಒಮ್ಮೆಲೇ ನಿರಾಳವಾಯಿತು. ಬಹಳ ತಿಂಗಳ ಮೇಲೆ ಮೈ ಹಗುರಾಯಿತು. ಅವನು ಅಂಚಿಗೆ ಒಂದು ಹೆಜ್ಜೆ ಇಟ್ಟ. ಅಲ್ಲಿ ನಿಂತ. ಈ ನಿರಾಳ ಎಲ್ಲಿಂದ ಬಂತು ಎಂದು ಅವನಿಗೆ ಆಗ ಹೊಳೆಯಿತು. ತನ್ನ ಮುಖ ನೋಡದವನು ಮೇಲಿದ್ದಾನೆ. ಇನ್ನು ಕೆಳಗೆ ತನ್ನ ಕೈ ಏನು ಮಾಡುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕಾಗಿಯೇ ಈ ಕೂಲಿಯವನನ್ನು ಕರೆತಂದದ್ದು ಎಂಬುದೂ ಗೊತ್ತಾಯಿತು.

ಅವನು ಅಲ್ಲೇ ಕೂತು ಅಂಚಿನಿಂದ ಹಿಂದಕ್ಕೆ ತೆವಳಿದ.

"ಏನಯ್ಯಾ, ಜೇನು ಕೀಳುವವನೋ ಗೆಣಸು ಕೀಳುವವನೋ?" ಎಂದು ಕೂಲಿಯವನು ಗದರಿದ.

ಇವನು ಹಗ್ಗ ಬಿಚ್ಚಿ ಅಲ್ಲೇ ಎಸೆದು ಭಾವಮೈದುನನ ಹೊಲದ ಕಡೆಗೆ ಇಳಿಜಾರಿನ ದಾರಿ ಹಿಡಿದ.

ಅವನು ಬಾಳಿನಲ್ಲಿ ನಡೆದ ದಾರಿಗಳಲ್ಲೆಲ್ಲ ಅದೇ ಭಯಂಕರವಾದದ್ದು. ಕಾಲ ಕೆಳಗೆ ಗಟ್ಟಿ ನೆಲವಿತ್ತು, ಎರಡೂ ಕಡೆ ಪರಿಚಯದ ಮನೆಗಳಿದ್ದವು. ಆದರೂ ಬಂಡೆಯ ಮೇಲೆ ನಡುಗದವನು ಅಲ್ಲಿ ನಡುಗಿದ. ಹಿಂದಿರುಗಿ ಹೋಗಿಬಿಡೋಣ ಎಂದು ಮತ್ತೆ ಮತ್ತೆ ನಿಂತ. ಏನೆಂದು ಹೇಳುವುದು? ನಗುತ್ತಾನೆ. ನಕ್ಕರೂ ಆದೀತು, ಹೆದರಿದರೆ? ತನ್ನನ್ನು ಕಂಡು ದೂರ ಸರಿದರೆ? ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಹೋಗಿಬಿಟ್ಟರೆ? ಒಬ್ಬಳು ಮುದುಕಿ ಜಗಲಿಯಿಂದ, "ಏನಪ್ಪಾ, ಇವತ್ತೂ ಕಚ್ಚಿತೇ?" ಎಂದು ಕೇಳಿದಳು. "ಹೌದು" ಎನ್ನುವುದು ಸುಲಭವಿತ್ತು. ಅವನು ಹೌದೆನ್ನಲಿಲ್ಲ. ನಡೆದ.

ಭಾವಮೈದುನ ರಾಗಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ. ಕಂಡರೂ ಕಾಣದವನಂತೆ ಬಗ್ಗಿಯೇ ಇದ್ದ.

"ಜೇನು ಕಚ್ಚಲಿಲ್ಲ," ಎಂದ ಇವನು.

"ಇವತ್ತೇ?"

"ಯಾವತ್ತೂ."

ಭಾವಮೈದುನ ನಿಧಾನವಾಗಿ ನೆಟ್ಟಗಾದ. "ಗೊತ್ತು. ಸುಣ್ಣ ದಂಡವಾಗಿದ್ದು ನನ್ನದಲ್ಲವೇ. ಮತ್ತೆ ಕೂಗಿದ್ದು ಯಾಕೆ?"

ಇವನು ಹೊಲದ ಬದುವಿನ ಮೇಲೆ ಕುಕ್ಕರಿಸಿದ. ಆಮೇಲೆ ಮಾತು ತಾನಾಗಿ ಬಿತ್ತು. "ಅಲ್ಲಿ ತೂಗುವಾಗ ಗಂಟು ಬಿಚ್ಚಿಬಿಡೋಣ ಅನ್ನಿಸುತ್ತದೆ. ಈಗೀಗ ಮನೆಯಲ್ಲಿದ್ದಾಗಲೂ ಅನ್ನಿಸುತ್ತದೆ. ನನಗೆ ಭಯವಾಗುತ್ತಿದೆ."

ಭಾವಮೈದುನನ ಕೈಯಲ್ಲಿದ್ದ ಗುದ್ದಲಿ ಜಾರಿತು. ಅವನು ಬುದ್ಧಿ ಹೇಳಲಿಲ್ಲ. ನಿನಗೇನು ಕಡಿಮೆಯಾಗಿದೆ ಎಂದು ಕೇಳಲಿಲ್ಲ. ಹತ್ತಿರ ಬಂದು ಆ ಕೈಯನ್ನು ಹಿಡಿದುಕೊಂಡ.

"ಭಾವ, ನನಗೆ ಹಗ್ಗ ಹಿಡಿಯುವುದು ಗೊತ್ತು. ಇದನ್ನು ಹೇಗೆ ಹಿಡಿಯಬೇಕೋ ನಿಜವಾಗಿ ಗೊತ್ತಿಲ್ಲ. ಗೊತ್ತಿದ್ದವರನ್ನು ಕೇಳೋಣ. ಅಲ್ಲಿಯವರೆಗೆ ನಿನ್ನನ್ನು ಒಬ್ಬನೇ ಬಿಡುವುದಿಲ್ಲ."

"ನಿಮ್ಮಕ್ಕನಿಗೆ ಹೇಳಬೇಡ."

"ನಾನು ಹೇಳುವುದಿಲ್ಲ, ನೀನೇ ಹೇಳುತ್ತೀಯ. ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಬೈದರೆ ಅರ್ಧ ನನ್ನ ಮೇಲೂ ಬೀಳಲಿ."

ಅವಳು ಬೈಯಲಿಲ್ಲ. ಗೋಡೆ ಹಿಡಿದು ಕುಸಿದು ಕೂತಳು. "ಇಷ್ಟು ದಿನ ನನ್ನಿಂದ ಬರೀ ಕೈಗೆ ಎಣ್ಣೆ ತಿಕ್ಕಿಸಿಕೊಂಡೆಯಲ್ಲ," ಎಂದು ಅತ್ತಳು.

ಬೆಟ್ಟದ ಬುಡದ ಊರಿನಲ್ಲಿ ಒಬ್ಬ ವೈದ್ಯನಿದ್ದ. ಮೂವರೂ ಹೋದರು. ವೈದ್ಯ ಎಲ್ಲವನ್ನೂ ಕೇಳಿದ, ಯಾವುದಕ್ಕೂ ಬೆಚ್ಚಲಿಲ್ಲ. "ಇದು ಕಾಯಿಲೆ. ಇದಕ್ಕೆ ಉಪಾಯವಿದೆ, ಹೊತ್ತು ಹಿಡಿಯುತ್ತದೆ," ಎಂದ. ಆಮೇಲೆ, "ಬಂಡೆ ಇಳಿಯುವವರು ನನ್ನಲ್ಲಿಗೆ ಬರುವುದು ಹೊಸದಲ್ಲ," ಎಂದ.

ಜೇನು ಕೀಳುವವನು ತಲೆಯೆತ್ತಿದ. "ನಮ್ಮವರೇ? ಯಾರು?"

"ನಿನ್ನ ಹೆಸರನ್ನು ನಾಳೆ ಅವರಿಗೆ ಹೇಳಲೇ?" ಎಂದು ವೈದ್ಯ ಕೇಳಿದ. ಅಂದು ಮನೆಗೆ ಬರುವಾಗ ಇವನು ದಾರಿಯಲ್ಲಿ ಸಿಕ್ಕ ಒಬ್ಬೊಬ್ಬನ ಮುಖವನ್ನೂ ಮೊದಲ ಸಲ ನೋಡುವಂತೆ ನೋಡಿದ.

ಮದ್ದು ಕುಡಿದ ಕೂಡಲೇ ಅವನಿಗೆ ಗುಣವಾಗಲಿಲ್ಲ. ಆ ವರ್ಷ ಅವನು ಬಂಡೆ ಇಳಿಯಲಿಲ್ಲ. ಕೆಲವರು ನಕ್ಕರು. ವೈದ್ಯನಲ್ಲಿಗೆ ಹೋಗುವುದಿಲ್ಲವೆಂದು ಅವನು ಎಷ್ಟೋ ಸಲ ಹಟ ಹಿಡಿದ. ಭಾವಮೈದುನ ಬಾಗಿಲಲ್ಲಿ ಕೂತು, "ನೀನು ಏಳುವವರೆಗೆ ನಿನ್ನ ಮನೆಯ ಅನ್ನ ತಿನ್ನುತ್ತೇನೆ, ನಷ್ಟ ನಿನಗೇ," ಎಂದು ಎಬ್ಬಿಸಿಕೊಂಡು ಹೋದ. ಬಹಳ ದಿನಗಳ ಮೇಲೆ ಒಂದು ಮಧ್ಯಾಹ್ನ ಅವನು ಊಟದ ನಡುವೆ, "ಸಾರಿಗೆ ಉಪ್ಪು ಹೆಚ್ಚಾಗಿದೆ," ಎಂದ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನ ಬಾಯಿಗೆ ರುಚಿ ಬಂದಿತ್ತು.

ಮರುವರ್ಷ ಅವನು ಇಳಿದ. ಇಳಿಯುವ ಮೊದಲು ಭಾವಮೈದುನ ಮುಖ ನೋಡಿ ಕೇಳುತ್ತಿದ್ದ. ಕೆಲವು ದಿನ "ಇವತ್ತು ಬೇಡ," ಎಂದು ಇವನು ಹೇಳುತ್ತಿದ್ದ. ಇಬ್ಬರೂ ಬುಟ್ಟಿ ಎತ್ತಿಕೊಂಡು ಹಿಂದಿರುಗುತ್ತಿದ್ದರು. ಆ ಬೆಟ್ಟದಲ್ಲಿ ಇಂದಿಗೂ ಅದಕ್ಕೆಂದು ಬೇರೆ ಕೂಗಿಲ್ಲ. ಬಾಯಿಬಿಟ್ಟು ಮಾತಿನಲ್ಲೇ ಹೇಳಬೇಕು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಅಂಗೈ ಬೆವರಿತ್ತು. ಅವನು ಅದನ್ನು ಪಂಚೆಗೆ ಒರೆಸಿಕೊಂಡ.

"ಅವನು ಪುಣ್ಯವಂತ, ಗುರುಗಳೇ. ಅಂಥ ಭಾವಮೈದುನ ಇದ್ದ. ಎಲ್ಲರಿಗೂ ಅಂಥವನೊಬ್ಬ ಇರುವುದಿಲ್ಲ."

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು:

"ಹೇಳುವವರೆಗೆ ಅವನಿಗೂ ಇರಲಿಲ್ಲ, ಮಗು."