ಟವೆಲ್ಲಿನ ಕೆಳಗಿನ ಪಾಸ್‌ವರ್ಡ್

ದನದ ಸಂತೆಯಲ್ಲಿರುವ ನಮ್ಮ ದಲ್ಲಾಳಿ ಅಂಗಡಿಗೆ ಒಂದು ಫೋನ್ ಬಂತು. ಗುಮಾಸ್ತ ಫಕ್ಕೀರಪ್ಪ ಎತ್ತಿದ.

"ಹೆಡ್ ಆಫೀಸಿನ ದೊಡ್ಡ ಸಾಹೇಬ ಮಾತಾಡ್ತಿದ್ದೀನಿ. ನಿಮ್ಮ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ. ತಕ್ಷಣ ಪಾಸ್‌ವರ್ಡ್ ಹೇಳು. ಇಲ್ಲದಿದ್ದರೆ ಸಂಜೆಗೆ ನಿನ್ನ ನೌಕರಿ ಇರಲ್ಲ!"

ಫಕ್ಕೀರಪ್ಪ ಹೆಗಲ ಟವೆಲ್ ತೆಗೆದು ಮೇಜಿನ ಮೇಲೆ ಹಾಸಿದ.

"ಹೇಳ್ತೀನ್ರಿ ಸಾಹೇಬ್ರ. ಆದ್ರ ನಮ್ಮ ಸಂತ್ಯಾಗ ದನದ ರೇಟಿನಂಥ ಗುಟ್ಟಿನ ಅಂಕಿ ಬಾಯಿಲೆ ಹೇಳೂದಿಲ್ಲ. ಟವೆಲ್ ಕೆಳಗ ಬೆರಳು ಹಿಡಿದು ಹೇಳ್ತೀವಿ. ಟವೆಲ್ ಹಾಸೀನಿ, ಕೈ ಕೊಡ್ರಿ."

"ಫೋನಿನಲ್ಲಿ ಕೈ ಹೇಗಯ್ಯಾ ಕೊಡಲಿ?"

"ಹಂಗಾದ್ರ ಇಲ್ಲಿಗೇ ಬರ್ರಿ. ಹತ್ತು ಮಂದಿ ದಲ್ಲಾಳಿಗಳು ಕುಂತಾರ. ನಿಮ್ಮ ಕೈ ಹಿಡಿಯಾಕ ಎಲ್ಲಾರೂ ತಯಾರ್ ಅದಾರ."

ಅತ್ತ ಕಡೆ ಸಾಹೇಬ ಒಮ್ಮೆ ಕೆಮ್ಮಿದ. ಫೋನ್ ಕಟ್ಟಾಯಿತು.

ಫಕ್ಕೀರಪ್ಪನ ನೌಕರಿ ಇನ್ನೂ ಇದೆ. ಟವೆಲ್ಲಿನ ಕೆಳಗೆ ಕೈ ಇಡದವನಿಗೆ ನಾವು ಕುಂಟ ಎತ್ತನ್ನೂ ಮಾರುವುದಿಲ್ಲ, ಪಾಸ್‌ವರ್ಡ್ ಕೊಡುತ್ತೇವೆಯೇ?